ಕೋವಿ ಹಡಗು ಹತ್ತಿದ ಕಥೆ

ಚುನಾವಣೆ ಘೋಷಣೆಯಾದ ಕೂಡಲೇ ಮಲೆನಾಡಿನ ಹಳ್ಳಿಗಳಲ್ಲಿ ಒಂದು ಓಡಾಟ ಶುರುವಾಗುತ್ತದೆ. ಬೆಳೆ ಕಾಯುವುದಕ್ಕೆಂದು ಲೈಸೆನ್ಸ್ ಪಡೆದ ಕೋವಿಯನ್ನು ಗೋಣಿಚೀಲದಲ್ಲೋ ಹಳೆಯ ಪಂಚೆಯಲ್ಲೋ ಸುತ್ತಿಕೊಂಡು ಠಾಣೆಗೆ ಹೋಗಬೇಕು. ಅಲ್ಲಿ ಒಪ್ಪಿಸಿ, ರಸೀದಿ ಬರೆಸಿಕೊಂಡು, ಬರಿಗೈಯಲ್ಲಿ ಬಸ್ಸು ಹತ್ತಿ ವಾಪಸ್ ಬರಬೇಕು. ಚುನಾವಣೆಯ ಗಲಾಟೆ ಎಲ್ಲ ಮುಗಿದ ಮೇಲೆ ಮತ್ತೆ ಹೋಗಿ ತರಬೇಕು. ಅಷ್ಟರೊಳಗೆ ಹಂದಿ ಗದ್ದೆ ನುಗ್ಗಿದರೆ ಡಬ್ಬ ಬಡಿಯುವುದೇ ಗತಿ.

ಪಕ್ಕದ ಊರಿನ ಠಾಣೆಗೆ ಒಂದು ಒಂಟಿ ನಳಿಗೆ ಕೋವಿ ಒಯ್ಯಲು ಇಷ್ಟು ಕಾಗದ ಬೇಕು. ಹಾಗಾದರೆ ನೂರು ವರ್ಷಗಳ ಹಿಂದೆ ನಾಲ್ಕೈದು ಕೋವಿ, ಪೆಟ್ಟಿಗೆಗಟ್ಟಲೆ ತೋಟಾ ಕಟ್ಟಿಕೊಂಡು ಸಮುದ್ರ ದಾಟಿ ಬೇರೆ ಖಂಡಕ್ಕೆ ಶಿಕಾರಿಗೆ ಹೋಗುತ್ತಿದ್ದವರು ಹೇಗೆ ಹೋಗುತ್ತಿದ್ದರು? ಯಾವ ಕೋವಿಯನ್ನು ಯಾಕೆ ಆರಿಸುತ್ತಿದ್ದರು? ಅವರಿಗೆ ಕಾಗದ ಕೊಟ್ಟವರು ಯಾರು, ಅದನ್ನೆಲ್ಲ ಹೊತ್ತವರು ಯಾರು?

ಈ ಪ್ರಶ್ನೆ ತಲೆಗೆ ಬಂದದ್ದು ಪೂರ್ಣಚಂದ್ರ ತೇಜಸ್ವಿಯವರಿಂದ. ಕೆನೆತ್ ಆಂಡರ್ಸನ್ ಇಂಗ್ಲಿಷಿನಲ್ಲಿ ಬರೆದ ಶಿಕಾರಿ ಅನುಭವಗಳನ್ನು ಅವರು ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದರು. ನಿಮ್ಮ ಪಂಚಾಯಿತಿ ಗ್ರಂಥಾಲಯದಲ್ಲೂ ಅದರ ಒಂದು ಹರಿದ ಪ್ರತಿ ಇರಬಹುದು. ಆಂಡರ್ಸನ್ ನಮ್ಮ ಬೆಂಗಳೂರಿನಲ್ಲೇ ಬದುಕಿ ತೀರಿಕೊಂಡವರು. ನರಭಕ್ಷಕ ಹುಲಿ, ಚಿರತೆಗಳ ಹಿಂದೆ ಹೋಗುವಾಗ ಅವರ ಕೈಯಲ್ಲಿ ಇರುತ್ತಿದ್ದದ್ದು ಅಮೆರಿಕದ ವಿಂಚೆಸ್ಟರ್ ಕಂಪನಿಯ .405 ರೈಫಲ್. ಆದರೆ ಆ ರೈಫಲ್ ಮೊದಲು ಜಗತ್ತಿಗೆಲ್ಲ ಹೆಸರಾದದ್ದು ನಮ್ಮ ಕಾಡಿನಲ್ಲಲ್ಲ, ಪೂರ್ವ ಆಫ್ರಿಕದಲ್ಲಿ. ಅದನ್ನು ಅಲ್ಲಿಗೆ ಒಯ್ದವರು ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್.

ಅಧಿಕಾರ ಬಿಟ್ಟ ಹತ್ತೊಂಬತ್ತನೇ ದಿನ

ರೂಸ್‌ವೆಲ್ಟ್ ಅಧಿಕಾರದಿಂದ ಇಳಿದದ್ದು 1909ರ ಮಾರ್ಚ್ 4ರಂದು. ಮಾರ್ಚ್ 23ಕ್ಕೆ ಅವರು ಹಡಗಿನಲ್ಲಿದ್ದರು. ‘ಹ್ಯಾಂಬರ್ಗ್’ ಎಂಬ ಹಡಗು ಅವರನ್ನು ಇಟಲಿಯ ನೇಪಲ್ಸ್‌ಗೆ ತಂದಿತು. ಅಲ್ಲಿ ‘ಅಡ್ಮಿರಲ್’ ಎಂಬ ಇನ್ನೊಂದು ಹಡಗು ಹತ್ತಿ, ಸೂಯೆಜ್ ಕಾಲುವೆ ದಾಟಿ, ಏಪ್ರಿಲ್ 21ಕ್ಕೆ ಮೊಂಬಾಸಾ ಬಂದರಿನಲ್ಲಿ ಇಳಿದರು. ಈಗಿನ ಕೀನ್ಯಾ ಆಗ ಬ್ರಿಟಿಷ್ ಪೂರ್ವ ಆಫ್ರಿಕ ಎನಿಸಿಕೊಂಡಿತ್ತು. ಜೊತೆಯಲ್ಲಿ ಹತ್ತೊಂಬತ್ತು ವರ್ಷದ ಮಗ ಕೆರ್ಮಿಟ್ ಇದ್ದ. ಅವನು ಕಾಲೇಜಿಗೆ ಒಂದು ವರ್ಷ ರಜೆ ಹಾಕಿ ಬಂದಿದ್ದ.

ಇದು ಬರೀ ಮೋಜಿನ ಪ್ರವಾಸ ಎಂದು ಅವರು ಹೇಳಲಿಲ್ಲ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಆಫ್ರಿಕದ ಪ್ರಾಣಿಗಳ ಚರ್ಮ, ಎಲುಬು ಕೂಡಿಸುವುದು ಉದ್ದೇಶ ಎಂದರು. ಮೂವರು ಪ್ರಾಣಿಶಾಸ್ತ್ರಜ್ಞರೂ ತಂಡದಲ್ಲಿದ್ದರು. ಉಕ್ಕಿನ ವ್ಯಾಪಾರದಿಂದ ಕೋಟ್ಯಧಿಪತಿಯಾಗಿದ್ದ ಆಂಡ್ರ್ಯೂ ಕಾರ್ನೆಗಿ ಹಣ ಕೊಟ್ಟವರಲ್ಲಿ ಒಬ್ಬರು.

ಹೊರಡುವ ಮೊದಲು ತಿಂಗಳುಗಟ್ಟಲೆ ತಯಾರಿ ನಡೆಯಿತು. ಇನ್ನೂ ಅಧ್ಯಕ್ಷರಾಗಿರುವಾಗಲೇ ರೈಫಲ್ ಕಂಪನಿಯವರಿಗೆ ಪತ್ರ ಬರೆದು, ಹಿಡಿ ಹೀಗಿರಲಿ, ಗುರಿಕಣ್ಣು ಹಾಗಿರಲಿ ಎಂದು ತಗಾದೆ ಮಾಡುತ್ತಿದ್ದರು. ಆಫ್ರಿಕದಲ್ಲಿ ಪಳಗಿದ ಬೇಟೆಗಾರ ಫ್ರೆಡರಿಕ್ ಸೆಲೂಸ್ ಅವರಿಂದ ಸಲಹೆ ಕೇಳಿದರು. ತ್ಸಾವೋ ಎಂಬಲ್ಲಿ ರೈಲು ಹಳಿ ಹಾಕುವವರನ್ನು ತಿನ್ನುತ್ತಿದ್ದ ಎರಡು ಸಿಂಹಗಳನ್ನು 1898ರಲ್ಲಿ ಕೊಂದ ಪ್ಯಾಟರ್ಸನ್ ಅವರನ್ನೂ ವಿಚಾರಿಸಿದರು.

ಯಾವ ಪ್ರಾಣಿಗೆ ಯಾವ ಕೋವಿ

ಕೊನೆಗೆ ಅವರು ಆರಿಸಿದ್ದು ಮೂರು ರೈಫಲ್, ಒಂದು ಚರೆಕೋವಿ.

ಮೊದಲನೆಯದು ಅಮೆರಿಕದ ಸೇನೆಯ ಸ್ಪ್ರಿಂಗ್‌ಫೀಲ್ಡ್. ಇದು .30 ರೈಫಲ್. ಈ ಅಂಕಿ ನಳಿಗೆಯ ಬಾಯಿ ಎಷ್ಟು ಅಗಲ ಎಂಬುದನ್ನು ಇಂಚಿನ ಲೆಕ್ಕದಲ್ಲಿ ಹೇಳುತ್ತದೆ. .30 ಎಂದರೆ ಏಳೂವರೆ ಮಿಲಿಮೀಟರ್‌ಗಿಂತ ತುಸು ಹೆಚ್ಚು. ಗುಂಡು ಸಣ್ಣದು, ಸುಮಾರು ಹತ್ತು ಗ್ರಾಂ, ಆದರೆ ಬಲು ವೇಗ. ಬಯಲಿನಲ್ಲಿ ದೂರ ನಿಲ್ಲುವ ಜಿಂಕೆ ಜಾತಿಯ ಪ್ರಾಣಿಗಳಿಗೆ ಇದು.

ಎರಡನೆಯದು ವಿಂಚೆಸ್ಟರ್ .405. ಗುಂಡು ಹತ್ತೊಂಬತ್ತು ಗ್ರಾಂ ಹತ್ತಿರ, ಎಂದರೆ ಮೊದಲನೆಯದರ ಎರಡರಷ್ಟು. ಕುದುರೆ ಕೆಳಗಿನ ಬಳೆಯನ್ನು ಕೆಳಗೆಳೆದು ಮೇಲೆತ್ತಿದರೆ ಸುಟ್ಟ ತೋಟಾ ಹೊರಗೆ, ಹೊಸದು ಒಳಗೆ. ಇಂಥ ಹಳೆಯ ರೈಫಲ್‌ಗಳಲ್ಲಿ ತೋಟಾಗಳು ನಳಿಗೆಯ ಅಡಿಯ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತಿದ್ದವು. ಚೂಪು ಗುಂಡು ತುಂಬಿದರೆ ಅದರ ಮೂತಿ ಮುಂದಿನ ತೋಟಾದ ಕೇಪಿಗೆ ತಾಗಿ ಒಳಗೇ ಸಿಡಿಯುವ ಭಯ. 1895ರ ಈ ಮಾದರಿಯಲ್ಲಿ ತೋಟಾಗಳು ಪೆಟ್ಟಿಗೆಯಂಥ ಗೂಡಿನಲ್ಲಿ ಒಂದರ ಮೇಲೊಂದು ಕೂರುತ್ತವೆ, ಆ ಭಯ ಇಲ್ಲ. ಸಿಂಹಕ್ಕೆ ರೂಸ್‌ವೆಲ್ಟ್ ನೆಚ್ಚಿಕೊಂಡದ್ದು ಇದನ್ನೇ.

ಮೂರನೆಯದು ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯ ಜೋಡಿ ನಳಿಗೆಯ ರೈಫಲ್. ಆನೆ, ಖಡ್ಗಮೃಗಕ್ಕೆ. ಇದರ ಗುಂಡು ಮೂವತ್ತು ಗ್ರಾಂ ದಾಟುತ್ತದೆ. ಇದನ್ನು ಅವರು ಕೊಳ್ಳಲಿಲ್ಲ. ಐವತ್ತಕ್ಕೂ ಹೆಚ್ಚು ಇಂಗ್ಲಿಷ್ ಗೆಳೆಯರು ಹಣ ಹಾಕಿ ಉಡುಗೊರೆ ಕೊಟ್ಟರು. ಎರಡು ನಳಿಗೆ ಎಂದರೆ ಒಂದೇ ಹಿಡಿಗೆ ಕಟ್ಟಿದ ಎರಡು ಬೇರೆ ಬೇರೆ ಕೋವಿ ಇದ್ದಂತೆ. ಒಂದು ಕೈಕೊಟ್ಟರೂ ಇನ್ನೊಂದು ಈಡಾಗುತ್ತದೆ. ಹಕ್ಕಿ ಹೊಡೆಯುವುದಕ್ಕೆ ಫಾಕ್ಸ್ ಕಂಪನಿಯ ಚರೆಕೋವಿ ಬೇರೆ ಇತ್ತು.

ಇಲ್ಲಿ ಒಂದು ಜಾಣತನ ಗಮನಿಸಿ. ಮಗನಿಗೂ ಇದೇ ಬಗೆಯ ಕೋವಿಗಳು. ಸ್ಪ್ರಿಂಗ್‌ಫೀಲ್ಡ್ ಬದಲಿಗೆ ಅವನ ಹತ್ತಿರ ಇನ್ನೊಂದು ವಿಂಚೆಸ್ಟರ್ ಇತ್ತು, ಆದರೆ ಅದಕ್ಕೂ ಸೇನೆಯ ತೋಟಾವೇ. ಪರದೇಶದ ಕಾಡಿನಲ್ಲಿ ಕೋವಿ ಕೆಡುವುದಕ್ಕಿಂತ ದೊಡ್ಡ ತೊಂದರೆ ಅದಕ್ಕೆ ಹೊಂದುವ ತೋಟಾ ಸಿಗದಿರುವುದು. ತೋಟಾ ಇಲ್ಲದ ಕೋವಿ ದೊಣ್ಣೆಗೆ ಸಮ.

ಆರಿಸಿದವರ ಕಣ್ಣು ಮಾತ್ರ ಅಷ್ಟು ಚೆನ್ನಾಗಿರಲಿಲ್ಲ. ರೂಸ್‌ವೆಲ್ಟ್‌ಗೆ ಕನ್ನಡಕವಿಲ್ಲದೆ ದೂರದ್ದು ಕಾಣುತ್ತಿರಲಿಲ್ಲ. ಅಧ್ಯಕ್ಷರಾಗಿದ್ದಾಗ ಬಾಕ್ಸಿಂಗ್ ಆಡುವಾಗ ಬಿದ್ದ ಏಟಿನಿಂದ ಎಡಗಣ್ಣು ಕೆಟ್ಟಿತ್ತು. ಹಾಗಾಗಿ ಸಾಮಾನಿನಲ್ಲಿ ಹಲವು ಜೊತೆ ಕನ್ನಡಕಗಳೂ ಹೋದವು. ತಾನು ದೊಡ್ಡ ಗುರಿಕಾರನಲ್ಲ ಎಂದು ಅವರೇ ಒಪ್ಪಿಕೊಳ್ಳುತ್ತಿದ್ದರು.

ಕಾಗದ ಯಾರಿಗೆ ಸಿಗುತ್ತಿತ್ತು

ಈಗ ಕಾಗದದ ಮಾತಿಗೆ ಬರೋಣ. ‘ಆಗ ಕಾನೂನು ಎಲ್ಲಿತ್ತು, ಬೇಕಾದವರು ಬೇಕಾದ ಕೋವಿ ಒಯ್ಯುತ್ತಿದ್ದರು’ ಎಂದು ನಾವು ಅಂದುಕೊಳ್ಳುತ್ತೇವೆ. ಅದು ತಪ್ಪು. ಕಾನೂನು ಇತ್ತು, ಬಿಗಿಯಾಗಿಯೇ ಇತ್ತು.

1890ರಲ್ಲಿ ಯುರೋಪಿನ ದೇಶಗಳೂ ಇನ್ನು ಕೆಲವು ದೇಶಗಳೂ ಬ್ರಸೆಲ್ಸ್‌ನಲ್ಲಿ ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಗುಲಾಮರ ವ್ಯಾಪಾರ ನಿಲ್ಲಿಸುವುದು ಅದರ ಘೋಷಿತ ಉದ್ದೇಶ. ಅದರಲ್ಲೇ ಬಂದೂಕಿನ ಮಾತೂ ಇತ್ತು. ಭೂಮಧ್ಯರೇಖೆಯ ಮೇಲೆ 20 ಡಿಗ್ರಿಯಿಂದ ಕೆಳಗೆ 22 ಡಿಗ್ರಿಯವರೆಗೆ, ಅಂದರೆ ಆಫ್ರಿಕದ ದೊಡ್ಡ ಭಾಗಕ್ಕೆ, ಹೊಸ ಮಾದರಿಯ ಬಂದೂಕು ತರುವುದನ್ನು ನಿಷೇಧಿಸಿದರು. ಬಂದ ಬಂದೂಕು ಸರ್ಕಾರಿ ಉಗ್ರಾಣದಲ್ಲಿ ಇರಬೇಕು, ಅನುಮತಿ ಇಲ್ಲದೆ ಹೊರಗೆ ಬರಬಾರದು. ಆದರೆ ವಿನಾಯಿತಿ ಇತ್ತು. ತಮ್ಮ ಸರ್ಕಾರದಿಂದ ಕಾಗದ ತಂದ ಪ್ರವಾಸಿಗರು ಸ್ವಂತ ರಕ್ಷಣೆಯ ಬಂದೂಕು ಇಟ್ಟುಕೊಳ್ಳಬಹುದಿತ್ತು.

ಇದರ ಅರ್ಥ ಏನು? ಹೊರಗಿನಿಂದ ಬಂದವನಿಗೆ ದಾರಿ ಇತ್ತು, ಅಲ್ಲೇ ಹುಟ್ಟಿದವನಿಗೆ ಬಾಗಿಲು ಹಾಕಿತ್ತು. ಗುಲಾಮರ ವ್ಯಾಪಾರಿಗಳ ಕೈಗೆ ಬಂದೂಕು ಸಿಗಬಾರದು ಎಂಬ ಒಳ್ಳೆಯ ಮಾತಿನ ಜೊತೆಗೆ, ಆಳಲು ಬಂದವರ ಎದುರು ನಿಲ್ಲುವವರ ಕೈಗೂ ಸಿಗಬಾರದು ಎಂಬ ಲೆಕ್ಕವೂ ಅದರಲ್ಲಿತ್ತು.

ಬೇಟೆಗೆ ಬೇರೆಯೇ ಲೈಸೆನ್ಸ್. ಪೂರ್ವ ಆಫ್ರಿಕದಲ್ಲಿ ಹೊರಗಿನಿಂದ ಬಂದ ಶಿಕಾರಿಗೆ ಅದರ ಶುಲ್ಕ 50 ಪೌಂಡ್. ಅಲ್ಲಿನ ಹಣದಲ್ಲಿ 750 ರೂಪಾಯಿ. ಹೌದು, ರೂಪಾಯಿಯೇ. ಆಗ ಆ ನಾಡಿನಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿ. ಮೊಂಬಾಸಾದಿಂದ ಒಳನಾಡಿಗೆ ರೈಲು ಹಳಿ ಹಾಕಿದ್ದೂ ಭಾರತದಿಂದ ಹೋದ ಕೂಲಿಗಳೇ. ಸುಮಾರು 32 ಸಾವಿರ ಜನ, ಹೆಚ್ಚಿನವರು ಪಂಜಾಬಿನವರು. ಅವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಅಲ್ಲೇ ಸತ್ತರು. ಅದೇ ರೈಲಿನ ಎಂಜಿನ್ ಮುಂದೆ ಕಟ್ಟಿದ ಬೆಂಚಿನ ಮೇಲೆ ಕೂತು ಪ್ರಾಣಿಗಳನ್ನು ನೋಡುತ್ತ ರೂಸ್‌ವೆಲ್ಟ್ ಒಳನಾಡಿಗೆ ಹೋದರು.

ಸಾಮಾನು ಹೊರುವ ಆಳಿಗೆ ಆಗ ತಿಂಗಳಿಗೆ ಹತ್ತು ರೂಪಾಯಿ ಆಸುಪಾಸು ಕೂಲಿ. ಒಬ್ಬ ಶಿಕಾರಿಯ ಲೈಸೆನ್ಸ್ ಹಣ ಎಂದರೆ ಅವನ ಆರು ವರ್ಷದ ದುಡಿಮೆ. ತಲೆತಲಾಂತರದಿಂದ ಬಿಲ್ಲು, ಈಟಿ ಹಿಡಿದು ಬೇಟೆಯಾಡುತ್ತಿದ್ದ ಅಲ್ಲಿನ ಜನ ಹೊಸ ಕಾನೂನಿನಲ್ಲಿ ಕಳ್ಳಬೇಟೆಗಾರರಾದರು.

ಹೆಗಲಿನ ಲೆಕ್ಕ

ಕೋವಿ ಬಂದರಿಗೆ ಬಂತು, ಕಾಗದ ಸಿಕ್ಕಿತು. ರೈಲು ಮುಗಿದ ಮೇಲೆ ಮುಂದೆ?

ಮುಂದೆ ಎಲ್ಲವೂ ಮನುಷ್ಯರ ತಲೆ ಮೇಲೆ. ಎತ್ತು, ಕುದುರೆಗಳಿಗೆ ಅಲ್ಲಿನ ನೊಣದಿಂದ ರೋಗ ಬಂದು ಸಾಯುವ ಭಯವಿದ್ದ ಕಡೆ ಬೇರೆ ಉಪಾಯವೂ ಇರಲಿಲ್ಲ. ಒಬ್ಬ ಆಳಿಗೆ 60 ಪೌಂಡ್ ಹೊರೆ ಎಂಬುದು ರೂಢಿ. ನಮ್ಮ ಲೆಕ್ಕದಲ್ಲಿ 27 ಕಿಲೋ, ಅರ್ಧ ಮೂಟೆ ಅಕ್ಕಿ. ಪೆಟ್ಟಿಗೆ, ಡೇರೆ, ತೋಟಾ ಎಲ್ಲವನ್ನೂ ಈ ತೂಕಕ್ಕೆ ಸರಿಯಾಗಿ ಕಟ್ಟುತ್ತಿದ್ದರು. ರೂಸ್‌ವೆಲ್ಟ್ ಓದಲು ಒಯ್ದಿದ್ದ ಅರವತ್ತರಷ್ಟು ಪುಸ್ತಕಗಳ ಪೆಟ್ಟಿಗೆ ಕೂಡ ಒಬ್ಬ ಆಳಿನ ಹೊರೆ. ಆ ಪುಸ್ತಕಗಳಿಗೆ ಮಳೆ, ಬೆವರು ತಡೆಯಲೆಂದು ಹಂದಿ ಚರ್ಮದ ರಟ್ಟು ಹಾಕಿಸಿದ್ದರು.

ಪ್ರಾಣಿಗಳ ಚರ್ಮ ಕೊಳೆಯದಂತೆ ಹದ ಮಾಡಲು ಉಪ್ಪು ಬೇಕು. ಅವರು ಒಯ್ದದ್ದು ನಾಲ್ಕು ಟನ್ ಉಪ್ಪು. ಇನ್ನೂರರಷ್ಟು ಹೊರೆಯಾಳುಗಳು ಸಾಲಾಗಿ ನಡೆದರು. ಕೋವಿ ಹಿಡಿದು ಹಿಂದೆ ಬರುವವರು ಬೇರೆ, ಕುದುರೆ ನೋಡಿಕೊಳ್ಳುವವರು ಬೇರೆ. ಕುದುರೆ ಆಳುಗಳನ್ನು ಅಲ್ಲಿಯೂ ‘ಸೈಸ್’ ಎಂದೇ ಕರೆಯುತ್ತಿದ್ದರು. ಆ ಮಾತೂ ಇಲ್ಲಿಂದಲೇ ಹಡಗು ಹತ್ತಿ ಹೋದದ್ದು.

ರೂಸ್‌ವೆಲ್ಟ್ ತಮ್ಮ ಪುಸ್ತಕದಲ್ಲಿ ಕೋವಿ ಹೊರುವ ಇಬ್ಬರ ಹೆಸರು ಬರೆದಿದ್ದಾರೆ. ಒಬ್ಬ ಮುಹಮ್ಮದ್, ಇನ್ನೊಬ್ಬ ಬಕಾರಿ. ಮೈಮೇಲೆ ಬರುವ ಪ್ರಾಣಿಯ ಎದುರು ಓಡದೆ ನಿಂತು, ಇನ್ನೊಂದು ಕೋವಿಯನ್ನು ಯಜಮಾನನ ಕೈಗೆ ಕೊಡುವುದು ಅವರ ಕೆಲಸ. ಉಪ್ಪು ಹೊತ್ತವರಲ್ಲಿ ಹೆಚ್ಚಿನವರ ಹೆಸರು ಎಲ್ಲಿಯೂ ಉಳಿಯಲಿಲ್ಲ.

ಎರಡೂ ನಳಿಗೆ ಖಾಲಿಯಾದಾಗ

ಇಷ್ಟೆಲ್ಲ ಲೆಕ್ಕ ಹಾಕಿ ಆರಿಸಿದ ಕೋವಿಯ ಮಿತಿ ಗೊತ್ತಾದದ್ದು ಕೀನ್ಯಾ ಪರ್ವತದ ತಪ್ಪಲಿನಲ್ಲಿ. ದಟ್ಟ ಕಾಡಿನೊಳಗೆ ರೂಸ್‌ವೆಲ್ಟ್ ತಮ್ಮ ಮೊದಲ ಆನೆಯನ್ನು ಜೋಡಿ ನಳಿಗೆಯಿಂದ ಹೊಡೆದರು. ಎರಡು ಈಡೂ ಮುಗಿದವು. ಅದೇ ಕ್ಷಣಕ್ಕೆ ಪಕ್ಕದ ಪೊದೆ ಸೀಳಿಕೊಂಡು ಇನ್ನೊಂದು ಸಲಗ ಬಂತು. ಸೊಂಡಿಲು ಚಾಚಿದರೆ ಮುಟ್ಟುವಷ್ಟು ಹತ್ತಿರ. ಕೈಯಲ್ಲಿ ಜಗತ್ತಿನ ಅತಿ ಒಳ್ಳೆಯ ಕೋವಿಗಳಲ್ಲೊಂದು, ಆದರೆ ಖಾಲಿ. ಅವರು ಮರದ ಮರೆಗೆ ಹಾರಿ ತೋಟಾ ಬದಲಿಸತೊಡಗಿದರು. ಅಷ್ಟರಲ್ಲಿ ಮಾರ್ಗದರ್ಶಿ ಕನಿಂಗ್‌ಹ್ಯಾಮ್ ಎರಡು ಈಡು ಹಾರಿಸಿದ್ದರಿಂದ ಸಲಗ ತಿರುಗಿ ಕಾಡು ಸೇರಿತು. ಮಾಜಿ ಅಧ್ಯಕ್ಷರ ಜೀವ ಉಳಿಯಿತು.

ನಮ್ಮ ಊರುಗಳಲ್ಲಿ ಆನೆಗೆ ಸಿಕ್ಕಿ ಬದುಕಿದವರು ಯಾರಾದರೂ ಇದ್ದರೆ ಅವರಿಗೆ ಈ ಕ್ಷಣ ಬಿಡಿಸಿ ಹೇಳಬೇಕಿಲ್ಲ.

ಲೆಕ್ಕ ತಪ್ಪಿದ್ದು ಎಲ್ಲಿ

ಪ್ರವಾಸ ಮುಂದೆ ಉಗಾಂಡ ದಾಟಿ, ನೈಲ್ ನದಿಯ ಪಡುವಣ ದಡದ ಲಾಡೊ ಎಂಬ ಪ್ರದೇಶಕ್ಕೆ ಬಂತು. ಆಗ ಅದು ಬೆಲ್ಜಿಯಂ ದೊರೆಯ ಹಿಡಿತದಲ್ಲಿತ್ತು. ಅಲ್ಲಿಗೆ ಹೋದ ಕಾರಣ ಒಂದೇ, ಬಿಳಿ ಖಡ್ಗಮೃಗ. ಅವು ಆಗಲೇ ಅಪರೂಪ ಎಂಬುದು ಅವರಿಗೆ ಗೊತ್ತಿತ್ತು. ಸಂಗ್ರಹಾಲಯದಲ್ಲಿ ಇರಲಿ ಎಂದೇ ಹೋದರು. ಅಪ್ಪ ಐದು, ಮಗ ನಾಲ್ಕು, ಒಟ್ಟು ಒಂಬತ್ತು ಹೊಡೆದರು.

1910ರ ಮಾರ್ಚ್ 14ಕ್ಕೆ ಸುಡಾನಿನ ಖಾರ್ಟೂಮ್ ತಲುಪಿ ಶಿಕಾರಿ ಮುಗಿಯಿತು. ಅಪ್ಪ ಮಗ ಸೇರಿ ಹೊಡೆದ ಪ್ರಾಣಿ, ಪಕ್ಷಿಗಳ ಲೆಕ್ಕವನ್ನು ರೂಸ್‌ವೆಲ್ಟ್ ಪುಸ್ತಕದಲ್ಲೇ ಪಟ್ಟಿ ಮಾಡಿದ್ದಾರೆ. ಅಪ್ಪ 296, ಮಗ 216, ಒಟ್ಟು 512. ಅದರಲ್ಲಿ 17 ಸಿಂಹ, 11 ಆನೆ. ಇಡೀ ತಂಡ ಕೂಡಿಸಿದ ಇಲಿ, ಹಕ್ಕಿ, ಹಾವುಗಳನ್ನೂ ಸೇರಿಸಿದರೆ 11 ಸಾವಿರ ದಾಟುತ್ತದೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಇದೇ ರೂಸ್‌ವೆಲ್ಟ್ ಅಧ್ಯಕ್ಷರಾಗಿದ್ದಾಗ ತಮ್ಮ ದೇಶದಲ್ಲಿ ಕೋಟಿಗಟ್ಟಲೆ ಎಕರೆ ಕಾಡು ಉಳಿಸಿದವರು. ಅವರು ತಂದ ಚರ್ಮ, ಎಲುಬುಗಳಿಂದ ವಿಜ್ಞಾನಿಗಳು ಬಹಳ ಕಲಿತರು. ಲಾಡೊದ ಬಿಳಿ ಖಡ್ಗಮೃಗಗಳು ನಾಶವಾದದ್ದು ಆ ಒಂಬತ್ತರಿಂದ ಮಾತ್ರವೂ ಅಲ್ಲ. ಮುಂದಿನ ದಶಕಗಳ ಕೊಂಬಿನ ಕಳ್ಳಬೇಟೆ, ಯುದ್ಧಗಳು ಅವನ್ನು ಮುಗಿಸಿದವು. ಆ ತಳಿಯ ಕೊನೆಯ ಗಂಡು, ಸುಡಾನ್ ಎಂಬ ಹೆಸರಿನದು, 2018ರ ಮಾರ್ಚ್ 19ರಂದು ಕೀನ್ಯಾದಲ್ಲಿ ಸತ್ತಿತು. ಉಳಿದದ್ದು ಎರಡು ಹೆಣ್ಣು, ನಾಜಿನ್ ಮತ್ತು ಅವಳ ಮಗಳು ಫಾತು. ಅವುಗಳ ಕಾವಲಿಗೆ ಈಗ ಕೋವಿ ಹಿಡಿದ ಜನ ಹಗಲೂ ರಾತ್ರಿ ನಿಲ್ಲುತ್ತಾರೆ.

ಗುಂಡಿನ ತೂಕ, ಹೊರೆಯ ತೂಕ, ಉಪ್ಪಿನ ತೂಕ ಎಲ್ಲವನ್ನೂ ಅಳೆದವರು, ಒಂದು ಪ್ರಾಣಿ ಮುಗಿದೇಹೋಗಬಹುದು ಎಂಬುದನ್ನು ಕೂಡಿಟ್ಟುಕೊಳ್ಳುವ ಕಾರಣವಾಗಿ ಕಂಡರು. ಕೋವಿ ಕೆಳಗಿಡುವ ಕಾರಣವಾಗಿ ಕಾಣಲಿಲ್ಲ. ಆ ಕಾಲ ಹಾಗಿತ್ತು ಎನ್ನಬಹುದು. ಆದರೆ ಅದೇ ಕಾಲದಲ್ಲಿ ಅಲ್ಲಿನ ಬಡವನಿಗೆ ಮಾತ್ರ ‘ಬೇಟೆ ಬೇಡ, ಪ್ರಾಣಿ ಉಳಿಯಬೇಕು’ ಎಂಬ ಕಾನೂನು ಇತ್ತು ಎಂಬುದನ್ನೂ ನೆನಪಿಡಬೇಕು.

ನಮ್ಮ ಕಡೆಯ ಕೋವಿ

ರೂಸ್‌ವೆಲ್ಟ್ ಖಾರ್ಟೂಮ್ ತಲುಪಿದ ಅದೇ 1910ರ ಮಾರ್ಚ್ ತಿಂಗಳಲ್ಲಿ ಕೆನೆತ್ ಆಂಡರ್ಸನ್ ಹುಟ್ಟಿದರು. ರೂಸ್‌ವೆಲ್ಟ್ ಹೆಸರು ಮಾಡಿಸಿದ ಆ .405 ಮುಂದೆ ಅವರ ಕೈಗೆ ಬಂತು. 1930ರ ದಶಕದಲ್ಲಿ ಕಂಪನಿ ಅದರ ತಯಾರಿಕೆ ನಿಲ್ಲಿಸಿದ ಮೇಲೂ ಆಂಡರ್ಸನ್ ಅದನ್ನು ಬಿಡಲಿಲ್ಲ.

ಕಾಗದದ ಕಥೆ ಇಲ್ಲಿಯೂ ಬೇರೆಯಾಗಿರಲಿಲ್ಲ. 1878ರ ಶಸ್ತ್ರ ಕಾಯ್ದೆಯಲ್ಲಿ ಭಾರತೀಯನಿಗೆ ಕೋವಿ ಇಡಲು ಲೈಸೆನ್ಸ್ ಬೇಕಿತ್ತು, ಐರೋಪ್ಯನಿಗೆ ವಿನಾಯಿತಿ ಇತ್ತು. ನಮ್ಮವರಲ್ಲಿ ಕೊಡವರಿಗೆ 1861ರಲ್ಲೇ, ಮಾರ್ಕ್ ಕಬ್ಬನ್ ಕಾಲದಲ್ಲಿ, ವಿನಾಯಿತಿ ಸಿಕ್ಕಿತ್ತು. ಅದು ಇವತ್ತಿಗೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು. ಕೊಡವರಿಗೆ ಕೋವಿ ಎಂದರೆ ಕೈಲ್ ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜೆ ಮಾಡುವ ವಸ್ತು, ಬರೀ ಬೇಟೆಯ ಸಾಮಾನಲ್ಲ.

ಶಿಕಾರಿಯ ಕಾಲ ಎರಡೂ ಕಡೆ ಮುಗಿದಿದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ 1991ರ ತಿದ್ದುಪಡಿ ಬಂದು ಮೋಜಿನ ಬೇಟೆ ನಿಂತಿತು. ಕೀನ್ಯಾ 1977ರಲ್ಲಿ ನಿಲ್ಲಿಸಿತು. ಇವತ್ತು ನಮ್ಮಿಂದ ಹೊರದೇಶಕ್ಕೆ ಕೋವಿ ಒಯ್ಯುವವರು ಮುಖ್ಯವಾಗಿ ಸ್ಪರ್ಧೆಗೆ ಹೋಗುವ ಶೂಟರ್‌ಗಳು. ಎರಡೂ ದೇಶಗಳ ಅನುಮತಿ ಬೇಕು. ಕೋವಿ ಖಾಲಿ ಇರಬೇಕು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿರಬೇಕು. ತೋಟಾ ಬೇರೆ ಕಟ್ಟಬೇಕು, ವಿಮಾನದಲ್ಲಿ ಒಬ್ಬರಿಗೆ ಐದು ಕಿಲೋ ಮೀರಬಾರದು. ಕೌಂಟರಿನಲ್ಲಿ ಮೊದಲೇ ಹೇಳಿ ತೋರಿಸಬೇಕು. ಮಾಜಿ ಅಧ್ಯಕ್ಷನೇ ಬಂದರೂ ಬೇರೆ ನಿಯಮ ಇರಬಾರದು ಎಂಬುದು ಕನಿಷ್ಠ ಕಾಗದದ ಮೇಲಾದರೂ ಇದೆ.

ಹಾಗಾಗಿ ಮುಂದಿನ ಚುನಾವಣೆಗೆ ಠಾಣೆಯ ಮುಂದೆ ಕೋವಿ ಹಿಡಿದು ಸಾಲಿನಲ್ಲಿ ನಿಂತಾಗ ಬೇಜಾರಾದರೆ, ಈ ಕಥೆ ನೆನಪಿಸಿಕೊಳ್ಳಿ. ಒಂದು ಕಾಲದಲ್ಲಿ ಆ ಸಾಲು ಕೆಲವರಿಗೆ ಮಾತ್ರ ಇತ್ತು, ಉಳಿದವರು ಸಾಲಿಲ್ಲದೆ ಹಡಗು ಹತ್ತುತ್ತಿದ್ದರು.

ನಿಮ್ಮ ಊರಿನಲ್ಲಿ ಶಿಕಾರಿ ಕಾಲ ಕಂಡ ಅಜ್ಜಂದಿರು ಇನ್ನೂ ಇದ್ದರೆ ಒಮ್ಮೆ ಹೋಗಿ ಕೂತು ಕೇಳಿ. ಹುಲಿ ಹೊಡೆದ ದೊರೆ ಯಾರು ಎಂಬುದು ಹೇಗೂ ಎಲ್ಲರಿಗೂ ಗೊತ್ತಿರುತ್ತದೆ. ಪೊದೆ ಬಡಿದು ಅದನ್ನು ಎಬ್ಬಿಸಿದವರು ಯಾರು, ಬಿದಿರು ಕಟ್ಟಿ ಹೊತ್ತು ತಂದವರು ಯಾರು ಎಂದು ಕೇಳಿ, ಆ ಹೆಸರುಗಳನ್ನು ಬರೆದಿಟ್ಟುಕೊಳ್ಳಿ.